ಹದಿನೇಳನೆಯ ತುಣುಕಿನ ವಾರಸುದಾರ

ಭಾವ ಸಂಶಯಾಸ್ಪದ ವ್ಯಕ್ತಿಯಾದದ್ದು ಇನ್ನೂರ ಹನ್ನೆರಡನೆಯ ಕಂತಿನ ಒಂಬತ್ತನೆಯ ನಿಮಿಷದಲ್ಲಿ. ಅದಕ್ಕೆ ಮುಂಚಿನ ಅರವತ್ತೊಂದು ವರ್ಷ ಅವರ ಮೇಲೆ ಯಾರಿಗೂ ಯಾವ ಸಂಶಯವೂ ಇರಲಿಲ್ಲ. ಈ ಎರಡೂ ಸಂಗತಿಗಳನ್ನು ವಾಹಿನಿಯ ಹಿನ್ನೆಲೆ ಸಂಗೀತ ಶಾಖೆ ತನ್ನ ಕಡತದಲ್ಲಿ ದೃಢಪಡಿಸಿದೆ.

ಸಂಶಯ ಹುಟ್ಟಿಸಿದವನು ಅವರ ಹೆಂಡತಿಯ ಸ್ವಂತ ತಮ್ಮ. ಅವನು ಸಂಗೀತ ಸಂಯೋಜಕ. ಎರಡೂವರೆ ಸಿನಿಮಾಗಳಿಗೆ ಸಂಗೀತ ಕೊಟ್ಟಿದ್ದ. ಆ ಅರ್ಧ ಸಿನಿಮಾ ನಾಯಕನೂ ನಿರ್ಮಾಪಕನೂ ಮಾತು ಬಿಟ್ಟಿದ್ದರಿಂದ ಮಧ್ಯಂತರದವರೆಗೆ ಮಾತ್ರ ತಯಾರಾಗಿತ್ತು. ಆಮೇಲೆ ದಿನಾ ಸಂಜೆ ಏಳಕ್ಕೆ ಬರುವ ಧಾರಾವಾಹಿಯೊಂದು ಕೈಹಿಡಿಯಿತು. ಅದಕ್ಕೂ ಎಷ್ಟೋ ಮುಂಚೆಯೇ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಕೀಬೋರ್ಡು, ಕಂಪ್ಯೂಟರು, ಎರಡು ಸ್ಪೀಕರು ಇಟ್ಟುಕೊಂಡು ಅಲ್ಲೇ ಬೇರು ಬಿಟ್ಟಿದ್ದ. ಅದೇ ಕೋಣೆಯಲ್ಲಿ ಅಕ್ಕನ ಹಳೆಯ ಮರದ ಬೀರು ಇತ್ತು. ಬಟ್ಟೆ ತೆಗೆಯಲು ಅವಳು ಬಂದಾಗಲೆಲ್ಲ ಅದರ ಬಾಗಿಲು ಕಿರ್ರೆಂದು ಅಳುತ್ತಿತ್ತು. ಎಣ್ಣೆ ಬಿಡು ಎಂದು ಅವಳು ತಮ್ಮನಿಗೆ ಆರು ವರ್ಷದಿಂದ ಹೇಳುತ್ತ ಬಂದಿದ್ದಳು.

ಸಿನಿಮಾಕ್ಕಾದರೆ ಪ್ರತಿ ದೃಶ್ಯವನ್ನೂ ನೋಡಿ, ನಾಯಕಿ ಕಣ್ಣೊರೆಸಿಕೊಳ್ಳುವ ಗಳಿಗೆಗೆ ಪಿಟೀಲು ಬಂದು ನಿಲ್ಲುವಂತೆ ಕೂತು ಹೆಣೆಯಬೇಕು. ದಿನಾ ಬರುವ ಧಾರಾವಾಹಿಗೆ ಅಷ್ಟು ಪುರುಸೊತ್ತು ಯಾರಿಗಿದೆ? ಅದಕ್ಕೇ ಮೊದಲಲ್ಲೇ ನಲವತ್ತು ತುಣುಕು ಮಾಡಿ, ನಂಬರು ಹಾಕಿ ಇಟ್ಟುಬಿಡುವುದು ಪದ್ಧತಿ. ಒಂದು ತಾಯಿಯ ಪ್ರೀತಿ. ಎರಡು ಮಲತಾಯಿಯ ಪ್ರೀತಿ. ನಾಲ್ಕು ಸಾಧಾರಣ ದುಃಖ, ಐದು ವಿಶೇಷ ದುಃಖ. ಒಂಬತ್ತು ಗಾಂಭೀರ್ಯ. ಹದಿನಾರು, ನೀರು ಕುಡಿಯುವುದು ಮತ್ತು ಇತರ ನಿರಪಾಯ ಕೆಲಸಗಳು. ಹದಿನೇಳು ಕಪಟ. ಸಂಯೋಜಕ ದಿನಾ ಮಧ್ಯಾಹ್ನ ಅವತ್ತಿನ ಕಂತು ನೋಡಿ, ಯಾವ ದೃಶ್ಯಕ್ಕೆ ಯಾವ ನಂಬರು ಎಂದು ಪಟ್ಟಿ ತುಂಬಿ ಕಳಿಸುತ್ತಿದ್ದ. ವಾಹಿನಿಯಲ್ಲಿ ಅದರ ಪ್ರಕಾರ ಜೋಡಿಸುತ್ತಿದ್ದರು.

ಈ ನಲವತ್ತರಲ್ಲಿ ಅವನಿಗೆ ನಿಜವಾದ ಹೆಮ್ಮೆ ಇದ್ದದ್ದು ಹದಿನೇಳರ ಮೇಲೆ. ಮೊದಲು ತಳದಿಂದ ಮೂರು ಸಲ ‘ಡೋಂ’. ಆಮೇಲೆ ನಿಧಾನಕ್ಕೆ, ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗೆ, ಒಂದು ‘ಕೀ’ಕಾರ. ಆ ಕೀಕಾರ ಅಕ್ಕನ ಬೀರುವಿನ ಬಾಗಿಲೇ. ಅದನ್ನು ರೆಕಾರ್ಡು ಮಾಡಿ ನಾಲ್ಕು ಪಟ್ಟು ನಿಧಾನಗೊಳಿಸಿದ್ದ. ಎಣ್ಣೆ ಬಿಡದೆ ಇದ್ದದ್ದು ಈ ಕಾರಣಕ್ಕೇ ಎಂದು ಅವನು ಆಮೇಲೆ ವಾದಿಸಿದ. ಎಲ್ಲ ತುಣುಕುಗಳ ಹಾಗೆ ಇದನ್ನೂ ಮೊದಲು ಕೇಳಿಸಿಕೊಂಡವರು ಭಾವ. ಕಣ್ಣು ಮುಚ್ಚಿ ಪೂರ್ತಿ ಕೇಳಿ, “ಚೆನ್ನಾಗಿದೆ ಕಣಪ್ಪ. ಆದರೆ ಪಾಪ, ಇದನ್ನ ಯಾರ ತಲೆಗೆ ಕಟ್ತಾರೋ,” ಎಂದಿದ್ದರು.

ಭಾವ ಒಳ್ಳೆಯವರು. ಇದನ್ನು ಬಿಡಿಸಿ ಹೇಳಬೇಕಾಗಿದೆ, ಯಾಕೆಂದರೆ ಮುಂದೆ ಅದನ್ನು ಯಾರೂ ಹೇಳುವುದಿಲ್ಲ. ಅವರು ಮೂವತ್ತೈದು ವರ್ಷ ಗ್ರಂಥಾಲಯದಲ್ಲಿ ಕೂತು ಮಾತಾಡುವವರಿಗೆ ‘ಶ್’ ಎನ್ನುವ ಕೆಲಸ ಮಾಡಿ ನಿವೃತ್ತರಾದವರು. ಸಂಯೋಜಕನ ಕೈಯಲ್ಲಿ ಕೆಲಸವಿಲ್ಲದ ನಾಲ್ಕು ವರ್ಷ ಅವನು ಬಾರಿಸಿದ್ದನ್ನೆಲ್ಲ ಒಂದು ದಿನವೂ ‘ಶ್’ ಎನ್ನದೆ ಕೇಳಿದವರು. ಧಾರಾವಾಹಿಯಲ್ಲಿ ದೊಡ್ಡಮನೆಯ ಮೂಲೆಯ ಕುರ್ಚಿಯಲ್ಲಿ ಕೂತು ನೀರು ಕುಡಿಯುವ ಚಿಕ್ಕಪ್ಪನ ಪಾತ್ರಕ್ಕೆ ಮಾತಾಡದ ಒಬ್ಬರು ಬೇಕು ಎಂದಾಗ ಸಂಯೋಜಕ ಇವರ ಹೆಸರು ಹೇಳಿದ. ಇನ್ನೂರ ಹನ್ನೊಂದು ಕಂತು ಅವರು ನೀರು ಕುಡಿದರು. ಹಿಂದಿನಿಂದ ಹದಿನಾರನೆಯ ತುಣುಕಿನ ಕೊಳಲು ಮೆಲ್ಲಗೆ ಹರಿಯುತ್ತಿತ್ತು. ಯಾರ ಕಣ್ಣಿಗೂ ಬೀಳದೆ ಟಿ.ವಿ.ಯಲ್ಲಿ ಬರುವ ಕಲೆ ಅವರಿಗೆ ಒಲಿದಿತ್ತು.

ಇನ್ನೂರ ಹನ್ನೆರಡನೆಯ ಕಂತಿನ ಪಟ್ಟಿ ತುಂಬುತ್ತಿದ್ದಾಗ ಸಂಯೋಜಕನಿಗೆ ಸೀನು ಬಂತು. ಬೆರಳು ಒಂದು ಸಾಲು ಕೆಳಗೆ ಜಾರಿತು.

ಅವತ್ತು ಸಂಜೆ ಏಳು ಗಂಟೆ ಒಂಬತ್ತು ನಿಮಿಷಕ್ಕೆ ಚಿಕ್ಕಪ್ಪ ಲೋಟ ಎತ್ತಿದರು. ಡೋಂ. ತುಟಿಗೆ ಇಟ್ಟರು. ಡೋಂ. ಗುಟುಕರಿಸಿದರು. ಡೋಂ. ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡರು. ಕೀ—

ಮರುದಿನದಿಂದ ಲೋಕ ಬದಲಾಯಿತು. ಇಸ್ತ್ರಿಯವನು ಭಾವನ ಅಂಗಿಗಳನ್ನು ಅವರ ಮುಖ ನೋಡದೆ ಕೊಟ್ಟು ಬಾಗಿಲು ಹಾಕಿಕೊಂಡ. ಹಲ್ಲಿನ ಡಾಕ್ಟರು ಅವರ ಬಾಯಿಗೆ ಕೈ ಹಾಕಲು ಒಪ್ಪದೆ, ದೂರದಿಂದಲೇ ಟಾರ್ಚು ಬಿಟ್ಟು “ಎಲ್ಲಾ ಸರಿಯಾಗಿದೆ, ಹೋಗಿ,” ಎಂದರು. ಎದುರುಮನೆಯಾಕೆ ಇವರು ಗೇಟು ತೆಗೆದ ಕೂಡಲೇ ಓಡಿಬಂದು, ಗೋಡೆಯ ಮೇಲೆ ಮಲಗಿದ್ದ ತನ್ನ ಬೆಕ್ಕನ್ನು ಎತ್ತಿಕೊಂಡು ಒಳಗೆ ಹೋದಳು. ಆ ಬೆಕ್ಕು ಅಲ್ಲಿಯವರೆಗೆ ಹಗಲೆಲ್ಲ ಭಾವನ ತೊಡೆಯ ಮೇಲೇ ಬಿದ್ದುಕೊಂಡಿರುತ್ತಿತ್ತು.

ಅಕ್ಕ ಹಿಂದಿನ ಕೋಣೆಗೆ ಬಂದು ಬಾಗಿಲಿಗೆ ಅಡ್ಡ ನಿಂತಳು.

“ಏನೋ ಮಾಡಿದ್ದೀಯ ನೀನು?”

“ಸೀನು ಬಂತು ಅಕ್ಕ.”

“ನಿನ್ನ ಸೀನಿಗೆ ನನ್ನ ಗಂಡ ಕಳ್ಳ ಆಗಬೇಕಾ? ಬೆಳಿಗ್ಗೆ ಇವರು ನೀರು ಕುಡೀತಿದ್ದರು. ಮೂವತ್ತಮೂರು ವರ್ಷ ಸಂಸಾರ ಮಾಡಿದ್ದೀನಿ, ನಂಗೇ ಒಂದು ಥರಾ ಆಯ್ತು. ಯಾಕೆ ಕುಡೀತಿದ್ದಾರೆ ಅನ್ನಿಸ್ತು.”

“ಬಾಯಾರಿಕೆ ಆಗಿರುತ್ತೆ ಅಕ್ಕ.”

“ಅದು ನಂಗೂ ಗೊತ್ತು. ಆದರೂ ಅನ್ನಿಸ್ತಲ್ಲ!” ಅವಳ ಕಣ್ಣು ತುಂಬಿತು. “ನೋಡು, ಈಗ ಅವರು ಅಡುಗೆಮನೆ ಬಾಗಿಲು ಹಾಕ್ಕೊಂಡು ನೀರು ಕುಡೀತಾರೆ. ಇವರ ಹೆಸರು ತೊಳೆದು ಕೊಡೋವರೆಗೂ ಈ ಕೋಣೆಯಿಂದ ಒಂದು ಸ್ವರ ಹೊರಗೆ ಬರಕೂಡದು. ಆಗಲ್ಲ ಅಂದರೆ ಡಬ್ಬ ಡಬರಿ ಎಲ್ಲ ಕಟ್ಟಿಕೊಂಡು ಹೊರಡು.”

ಡಬ್ಬ ಡಬರಿ ಎಂದರೆ ಕೀಬೋರ್ಡು, ಕಂಪ್ಯೂಟರು ಮತ್ತು ಎರಡು ಸ್ಪೀಕರು. ಸಂಯೋಜಕ ಅಂಗಿ ಬದಲಾಯಿಸಿ ವಾಹಿನಿಗೆ ಹೊರಟ.

ಹಿನ್ನೆಲೆ ಸಂಗೀತ ಶಾಖೆ ಇದ್ದದ್ದು ಮೂರನೆಯ ಮಹಡಿಯ ಉದ್ದನೆಯ ಕಾರಿಡಾರಿನ ಕೊನೆಗೆ. ಕಾರಿಡಾರಿನಲ್ಲಿ ಒಂದು ಬೆಂಚು, ಬೆಂಚಿನ ಮೇಲೆ ‘ಇಲ್ಲಿ ಗುನುಗುವುದನ್ನು ನಿಷೇಧಿಸಿದೆ’ ಎಂಬ ಫಲಕ. ಶಾಖಾಧಿಕಾರಿಣಿ ಮೇಡಂ ಅವನ ಅಹವಾಲನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

“ತಪ್ಪಾಗಿದೆ ಅಂತೀರಾ?”

“ಹೌದು ಮೇಡಂ. ಹದಿನಾರು ಹಾಕೋ ಕಡೆ ಹದಿನೇಳು ಬಿದ್ದಿದೆ.”

“ಪ್ರಸಾರ ಆಗಿದೆಯಲ್ಲಾ?”

“ಆಗಿದೆ.”

“ಹಾಗಿದ್ದರೆ ತಪ್ಪಾಗಿಲ್ಲ.” ಮೇಡಂ ದಪ್ಪನೆಯ ಪುಸ್ತಕ ತೆರೆದು ಓದಿದರು: “‘ಪ್ರಸಾರಗೊಂಡ ಸಂಗೀತವು ಸಂಸ್ಥೆಯ ಅಭಿಪ್ರಾಯವಾಗಿರತಕ್ಕದ್ದು. ದೃಶ್ಯಕ್ಕೂ ಸಂಗೀತಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ದೃಶ್ಯವು ಸುಳ್ಳು ಹೇಳುತ್ತಿದೆ ಎಂದು ಭಾವಿಸತಕ್ಕದ್ದು.’ ನಿಮ್ಮ ಭಾವನವರು ನೀರು ಕುಡೀತಿದ್ದ ಹಾಗೆ ಕಾಣಿಸಿದೆ, ಅಷ್ಟೆ.”

“ನಿಜವಾಗಲೂ ನೀರೇ ಮೇಡಂ. ಪಾಪ, ಅವರಿಗೆ ಬೇರೆ ಏನೂ ಬರಲ್ಲ.”

“ಹದಿನೇಳನೇ ತುಣುಕು ಮಾಡಿದವರು ಯಾರು?”

“ನಾನೇ.”

“ಅದನ್ನ ಯಾತಕ್ಕೆ ಅಂತ ಮಾಡಿದ್ದು?”

“ಕಪಟಕ್ಕೆ.”

“ಮತ್ತೆ?” ಎಂದು ಮೇಡಂ ಪುಸ್ತಕ ಮುಚ್ಚಿದರು. ಈ ತರ್ಕದಲ್ಲಿ ಸಂಯೋಜಕನಿಗೆ ಎಲ್ಲಿಯೂ ತೂತು ಕಾಣಲಿಲ್ಲ.

ಕಾರಿಡಾರಿನಲ್ಲಿ ಧಾರಾವಾಹಿಯ ಕತೆಗಾರ ಎದುರಾಗಿ ಅವನ ಎರಡೂ ಕೈ ಹಿಡಿದುಕೊಂಡ. ಈ ಕತೆಗಾರ ಮೊದಲ ಕಂತಿನಲ್ಲೇ ದೊಡ್ಡಮನೆಯ ಬೀಗದ ಕೈ ಗೊಂಚಲು ಕಳುವಾಗುವಂತೆ ಬರೆದಿದ್ದ. ಅಂದಿನಿಂದ ಆ ಮನೆಯವರೆಲ್ಲ ಒಬ್ಬರನ್ನೊಬ್ಬರು ಅನುಮಾನಿಸುತ್ತ ಇನ್ನೂರ ಹನ್ನೆರಡು ಕಂತು ಕಳೆದಿದ್ದರು.

“ಬದುಕಿಸಿದಿರಿ ಸಾರ್! ಕಳ್ಳ ಯಾರು ಅಂತ ನಂಗೂ ಗೊತ್ತಿರಲಿಲ್ಲ. ನಿದ್ದೆಯಿಲ್ಲದೆ ಒದ್ದಾಡ್ತಿದ್ದೆ. ನೀವು ಸೂಚನೆ ಕೊಟ್ಟಿರಿ. ಮುನ್ನೂರನೇ ಕಂತಿನಲ್ಲಿ ಚಿಕ್ಕಪ್ಪನ್ನ ಹಿಡೀತೀನಿ.”

“ಅಯ್ಯೋ, ಅದು ಸೀನು ರೀ!”

“ಅದೇ ಸಾರ್, ಸೀನು ಅಂದರೆ ಹಾಗಿರಬೇಕು. ಎಷ್ಟು ಸಹಜವಾಗಿ ಬಂದಿದೆ!” ಎಂದು ಕತೆಗಾರ ಬರೆಯಲು ಓಡಿದ.

ಸಂಯೋಜಕ ಸುಮ್ಮನಿರಲಿಲ್ಲ. ಮಾರನೆಯ ಕಂತಿನಿಂದಲೇ ಚಿಕ್ಕಪ್ಪನಿಗೆ ಮತ್ತೆ ಹದಿನಾರನೆಯ ತುಣುಕನ್ನು ಹಾಕಿದ. ವಾಹಿನಿಗೆ ಫೋನುಗಳ ಸುರಿಮಳೆಯಾಯಿತು. ‘ಎಷ್ಟು ಚೆನ್ನಾಗಿ ನಟಿಸ್ತಾನೆ ನೋಡಿ, ಏನೂ ಅರಿಯದವನ ಹಾಗೆ!’ ಎಂದು ಜನ ಹಲ್ಲು ಕಡಿದರು. ಅವನು ತುಣುಕು ಒಂದನ್ನು, ಎಂದರೆ ತಾಯಿಯ ಪ್ರೀತಿಯನ್ನು, ಹಾಕಿ ನೋಡಿದ. ದೊಡ್ಡಮನೆಯ ಅಜ್ಜಿಯ ಜೀವಕ್ಕೆ ರಕ್ಷಣೆ ಕೊಡಬೇಕೆಂದು ಒಂದು ಶಾಲೆಯ ಮಕ್ಕಳೆಲ್ಲ ಸಹಿ ಹಾಕಿ ಕಳಿಸಿದರು. ಕೊನೆಗೆ ಸಂಗೀತವೇ ಬೇಡವೆಂದು ಚಿಕ್ಕಪ್ಪನ ದೃಶ್ಯವನ್ನು ಖಾಲಿ ಬಿಟ್ಟ. ಅವತ್ತು ನೋಡುಗರಲ್ಲಿ ಅನೇಕರು ಮನೆಯ ಬಾಗಿಲು ಭದ್ರಪಡಿಸಿಕೊಂಡದ್ದಾಗಿ ವರದಿಯಾಯಿತು. ಚಿತ್ರೀಕರಣದಲ್ಲಿ ಭಾವ ಲೋಟ ಎತ್ತುವಾಗ ನೀರನ್ನು ಅಂಗಿಯ ಮೇಲೆ ಚೆಲ್ಲಿಕೊಂಡರು. ಅದಕ್ಕೆ ನಿರ್ದೇಶಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಸಂಗೀತ ಇಷ್ಟೆಲ್ಲ ಮಾಡಬಲ್ಲದು ಎಂಬುದನ್ನು ವಾಹಿನಿಯ ಆಡಳಿತ ವರ್ಗ ಗಮನಿಸದೆ ಇರಲಿಲ್ಲ. ಆ ತಿಂಗಳ ಸುತ್ತೋಲೆ ಹೀಗಿತ್ತು:

‘ಸಿಬ್ಬಂದಿಯ ಯೋಗ್ಯತೆಯನ್ನು ತಿಳಿಯಲು ಇದುವರೆಗೆ ಅವರ ಕೆಲಸವನ್ನು ನೋಡಬೇಕಾಗುತ್ತಿದ್ದು, ಅದರಿಂದ ಕಾಲಹರಣವಾಗುತ್ತಿತ್ತು. ಇನ್ನು ಮುಂದೆ ಎಲ್ಲ ಕಾರಿಡಾರುಗಳಲ್ಲಿ ಸ್ಪೀಕರುಗಳನ್ನು ಅಳವಡಿಸಲಾಗುವುದು. ಪ್ರತಿಯೊಬ್ಬರೂ ತಮಗೆ ಮಂಜೂರಾದ ತುಣುಕಿನೊಂದಿಗೇ ನಡೆದಾಡತಕ್ಕದ್ದು. ತುಣುಕು ಮುಗಿಯುವ ಮುನ್ನ ಕುರ್ಚಿ ತಲುಪಿದವರು ಹಿಂದಿರುಗಿ ಮತ್ತೆ ಬರತಕ್ಕದ್ದು.’

ಮೇಡಂಗೆ ಒಂಬತ್ತು ಮಂಜೂರಾಯಿತು. ಅವರು ಊಟ ಮುಗಿಸಿ ಕೈ ತೊಳೆದುಕೊಂಡು ಬರುವಾಗ ನಗಾರಿಯೂ ಕಹಳೆಯೂ ಒಟ್ಟಿಗೆ ಮೊಳಗುತ್ತಿದ್ದವು. ದೂರು ಹೇಳಲು ಬಂದ ಸಾರ್ವಜನಿಕರಿಗೆ ಇಪ್ಪತ್ತೆರಡನೆಯ ತುಣುಕು, ಎಂದರೆ ‘ಮನೆಗೆಲಸದವನು ಜಾರಿ ಬೀಳುವುದು’. ಆ ಸಂಗೀತದಲ್ಲಿ ಹೇಳಿದ ಯಾವ ದೂರೂ ದೂರಿನ ಹಾಗೆ ಕೇಳಿಸುತ್ತಿರಲಿಲ್ಲವಾದ್ದರಿಂದ, ಬಾಕಿಯಿದ್ದ ದೂರುಗಳೆಲ್ಲ ಹದಿನೈದು ದಿನದಲ್ಲಿ ಇತ್ಯರ್ಥವಾದವು. ಈ ಸುಧಾರಣೆಗಾಗಿ ಸಂಯೋಜಕನಿಗೆ ಮೆಚ್ಚುಗೆ ಪತ್ರ ಕೊಟ್ಟರು. ಅವನು ಅದನ್ನು ಅಕ್ಕನಿಗೆ ತೋರಿಸಿದ. ಅವಳು ಅದರ ಮೇಲೆ ಬಿಸಿ ಪಾತ್ರೆ ಇಟ್ಟಳು.

ಕಂತುಗಳು ಓಡುತ್ತಿದ್ದವು. ಇನ್ನೂರ ತೊಂಬತ್ತೊಂದನೆಯ ಕಂತಿನ ದಿನ ಸಂಯೋಜಕ ಬೀರುವಿನ ಪಕ್ಕದ ನೆಲದ ಮೇಲೆ ಕೂತಿದ್ದಾಗ ಭಾವ ಮೆಲ್ಲಗೆ ಒಳಗೆ ಬಂದರು. ಮೈ ಇಳಿದುಹೋಗಿತ್ತು.

“ನನ್ನ ಬಗ್ಗೆ ತಲೆ ಕೆಡಿಸ್ಕೋಬೇಡ ಕಣಪ್ಪ. ನಂಗೆ ಅಭ್ಯಾಸ ಆಗ್ತಾ ಇದೆ. ಕಳ್ಳ ಅಂತಾರೆ, ಅಂದುಕೊಳ್ಳಲಿ.” ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು. “ಒಂದೇ ಕಷ್ಟ. ಈಗ ಲೋಟ ಎತ್ತಿದಾಗ ನಂಗೂ ಕೇಳಿಸುತ್ತೆ. ಡೋಂ, ಡೋಂ ಅಂತ. ಒಂದೊಂದ್ಸಲ ಅನ್ನಿಸುತ್ತೆ, ನಾನೇ ಎಲ್ಲಾದರೂ ಬೀಗದ ಕೈ ಇಟ್ಟು ಮರೆತಿದ್ದೀನೋ ಏನೋ.”

ನಾಲ್ಕು ವರ್ಷ ತನ್ನ ಗೋಳನ್ನೆಲ್ಲ ಕೇಳಿಸಿಕೊಂಡ ಕಿವಿಗೆ ತಾನು ಕೊಟ್ಟದ್ದು ಇದನ್ನು ಎಂದು ಸಂಯೋಜಕನಿಗೆ ಅಳು ಬಂತು. ಅತ್ತ. ಅಳುವಾಗ ಇದು ನಾಲ್ಕೋ ಐದೋ ಎಂಬ ಯೋಚನೆ ಬಂದದ್ದಕ್ಕೆ ನಾಚಿಕೆಯೂ ಆಯಿತು.

ಮರುದಿನ ಅವನು ಮೇಡಂ ಮುಂದೆ ನಿಂತು, ದಾರಿ ತೋರಿಸುವವರೆಗೂ ಹೋಗುವುದಿಲ್ಲ ಎಂದ. ಮೇಡಂ ಪುಸ್ತಕದ ಕೊನೆಯ ಪುಟಗಳಿಗೆ ಬಂದರು.

“ಹದಿನೇಳನ್ನ ರದ್ದು ಮಾಡೋಕೆ ಬರಲ್ಲ. ಒಬ್ಬರಿಗೆ ಸಂದಾಯ ಆಗಿದೆ, ಯಾರ ಹೆಸರಿನಲ್ಲಾದರೂ ಇರಲೇಬೇಕು. ಆದರೆ ವರ್ಗಾವಣೆ ಮಾಡಬಹುದು. ತಗೊಳ್ಳೋರು ಸ್ವಇಚ್ಛೆಯಿಂದ ಸಹಿ ಹಾಕಬೇಕು. ಮೂರು ಪ್ರತಿ, ಎರಡು ಫೋಟೋ.”

ಸಂಯೋಜಕ ಆ ನಮೂನೆ ಹಿಡಿದುಕೊಂಡು ಕಟ್ಟಡವೆಲ್ಲ ಸುತ್ತಿದ. ದೊಡ್ಡಮನೆಯ ಸೊಸೆಯ ಪಾತ್ರ ಮಾಡುವಾಕೆ, ತನಗೆ ಮುಂದಿನ ತಿಂಗಳು ಮದುವೆಯಿದೆ ಎಂದಳು. ಕತೆಗಾರ, ತಾನು ಮೊದಲೇ ಕತೆಗಾರ, ಜನ ತನ್ನನ್ನು ಹಾಗೂ ನಂಬುವುದಿಲ್ಲ ಎಂದ. ಸಂಜೆಯಾಗುವ ಹೊತ್ತಿಗೆ ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತು, ತನ್ನ ಹೆಸರನ್ನೇ ಬರೆದು ಮೂರು ಕಡೆ ಸಹಿ ಹಾಕಿದ. ಎರಡೂವರೆ ಸಿನಿಮಾಗಳ ಕಾಲದ ಫೋಟೋಗಳು ಜೇಬಿನಲ್ಲಿದ್ದವು.

“ಮಾಡಿದವರೇ ಇಟ್ಟುಕೊಂಡರೆ ಆಡಳಿತಕ್ಕೂ ಅನುಕೂಲ,” ಎಂದು ಮೇಡಂ ಮುದ್ರೆ ಒತ್ತಿದರು.

ಮುನ್ನೂರನೆಯ ಕಂತು ನಿಗದಿಯಾದಂತೆ ಪ್ರಸಾರವಾಯಿತು. ದೊಡ್ಡಮನೆಯ ಹಜಾರದಲ್ಲಿ ಎಲ್ಲರೂ ನೆರೆದಿದ್ದರು. ಚಿಕ್ಕಪ್ಪ ಲೋಟ ಎತ್ತಿದರು. ಕೊಳಲು ಹರಿಯಿತು, ಹದಿನಾರು. ಅವರು ಗಟಗಟನೆ ಪೂರ್ತಿ ಲೋಟ ಕುಡಿದರು. ಅಜ್ಜಿ ಅವರ ತಲೆ ಸವರಿ, “ನಿನ್ನನ್ನ ಅನುಮಾನಿಸಿದೆನಲ್ಲಪ್ಪಾ!” ಎಂದಳು. ಮನೆಮನೆಗಳಲ್ಲಿ ಜನ ಕಣ್ಣೊರೆಸಿಕೊಂಡರು. ಆಮೇಲೆ ಪರದೆಯ ತುಂಬ ಸಂಯೋಜಕನ ಫೋಟೋ ಬಂತು. ಡೋಂ. ಡೋಂ. ಡೋಂ. ಕೀ—

‘ಇವನೇ!’ ಎಂದು ದೊಡ್ಡಮನೆಯವರೆಲ್ಲ ಒಟ್ಟಿಗೆ ಉಸಿರೆಳೆದರು. ಇವನು ಯಾರು, ಮುನ್ನೂರು ಕಂತಿನಲ್ಲಿ ಈ ಮನೆಗೆ ಯಾವಾಗ ಬಂದಿದ್ದ ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ನೋಡುಗರೂ ಕೇಳಲಿಲ್ಲ. ಮೊದಲಿಂದಲೂ ತಮಗೆ ಇವನ ಮೇಲೇ ಗುಮಾನಿಯಿತ್ತು ಎಂದು ಇಸ್ತ್ರಿಯವನು ಬೀದಿಯ ಎಲ್ಲರ ಪರವಾಗಿ ಹೇಳಿದ.

ಮರುದಿನ ಬೆಳಿಗ್ಗೆ ಭಾವ ಜಗಲಿಯಲ್ಲಿ ಎಲ್ಲರ ಕಣ್ಣೆದುರಿಗೇ ಕೂತು ನೀರು ಕುಡಿದರು. ಎರಡು ಲೋಟ. ಅಕ್ಕ ಬಾಗಿಲಿಗೆ ಒರಗಿ ಅದನ್ನೇ ನೋಡುತ್ತ ನಿಂತಳು. ಸಂಯೋಜಕನಿಗೂ ಎದೆ ಹಗುರವಾಯಿತು. ಅವನು ತಿಂಡಿಗೆ ಬಂದಾಗ ಅಕ್ಕ ಪ್ರೀತಿಯಿಂದಲೇ ಬಡಿಸಿದಳು. “ನಿಮ್ಮ ಭಾವನ್ನ ಉಳಿಸಿದೆ ಕಣೋ, ನೂರು ವರ್ಷ ಬಾಳು,” ಎಂದಳು. ತಿಂದಾದ ಮೇಲೆ ಚಮಚಗಳನ್ನು ಎಣಿಸಿದಳು.

“ಏನಕ್ಕ ಅದು?”

“ಸುಮ್ಮನೆ,” ಎಂದು ಅವಳು ಇನ್ನೊಂದು ಸಲ ಎಣಿಸಿದಳು.

ಅವನು ಅಂಗಿ ಹಾಕಿಕೊಳ್ಳಲೆಂದು ಹಿಂದಿನ ಕೋಣೆಗೆ ಹೋಗಿ ಬೀರು ತೆರೆದ. ಬಾಗಿಲು ಕಿರ್ರೆಂದಿತು. ಆರು ವರ್ಷದಿಂದ ದಿನಾ ಕೇಳಿದ್ದ ಸದ್ದೇ, ಆದರೆ ಈ ಸಲ ಅವನ ಮೈ ಜುಮ್ಮೆಂದಿತು. ತಿರುಗಿ ನೋಡಿದ, ಕೋಣೆಯಲ್ಲಿ ಅವನೊಬ್ಬನೇ ಇದ್ದ. ಅಂಗಿಯ ಜೇಬಿಗೆ ಕೈ ಹಾಕಿದ. ಒಳಗೆ ಒಂದು ಬೀಗದ ಕೈ ಗೊಂಚಲಿತ್ತು.

“ಹೌದಲ್ಲ!” ಎಂದ ಸಂಯೋಜಕ.

ಅದು ಅಕ್ಕನ ಮನೆಯ ಬೀಗದ ಕೈ ಗೊಂಚಲೆಂದು ಅವನಿಗೆ ಗೊತ್ತಿತ್ತು. ಎರಡು ವಾರದ ಹಿಂದೆ ಅವಳದ್ದು ಎಲ್ಲೋ ಕಳೆದುಹೋಗಿ, ಇಡೀ ಮನೆಗೆ ಉಳಿದಿದ್ದದ್ದು ಇದೊಂದೇ. ಇದೂ ಕಳೆದುಹೋಗದಿರಲೆಂದು ಅವನ ಜೇಬಿಗೆ ಹಾಕಿದವಳೂ ಅವಳೇ. ಆದರೂ ಸಂಗೀತ ಕೇಳಿಸಿದ ಮೇಲೆ ಸುಮ್ಮನಿರುವುದು ಅವನಿಂದಾಗಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ವಾಹಿನಿಗೆ ಹೋಗಿ, ಗೊಂಚಲನ್ನು ಮೇಡಂ ಮೇಜಿನ ಮೇಲಿಟ್ಟ.

“ಯಾಕೆ ತಗೊಂಡಿರಿ?” ಎಂದು ಮೇಡಂ ಕೇಳಿದರು.

“ಗೊತ್ತಿಲ್ಲ ಮೇಡಂ. ಕಪಟ ಇರಬೇಕು.”

ಮೇಡಂ ತಲೆಯಾಡಿಸಿ ಬರೆದುಕೊಂಡರು. ಕಳುವಾದ ಮಾಲು ಮುನ್ನೂರು ಕಂತುಗಳ ಬಳಿಕ ಸುರಕ್ಷಿತವಾಗಿ ದೊರೆತಿದೆ ಎಂದು ವಾಹಿನಿ ಪ್ರಕಟಣೆ ಹೊರಡಿಸಿತು. ದೊಡ್ಡಮನೆಯವರಿಗೆ ಗೊಂಚಲನ್ನು ಹಸ್ತಾಂತರಿಸುವ ದೃಶ್ಯವನ್ನು ಚಿತ್ರೀಕರಿಸಿ ಮುನ್ನೂರೊಂದನೆಯ ಕಂತಾಗಿ ತೋರಿಸುವುದೆಂದು ತೀರ್ಮಾನವಾಯಿತು. ಅವನಿಗೆ ರಸೀದಿ ಕೊಟ್ಟರು.

ಅವನು ಹಿಂತಿರುಗಿದಾಗ ಅಕ್ಕ ಮತ್ತು ಭಾವ ಪೇಟೆಯಿಂದ ಬಂದು, ಎಳೆದರೆ ತಾನೇ ಬೀಗ ಬಿದ್ದುಕೊಳ್ಳುವ ಬಾಗಿಲಿನೆದುರು ಮೆಟ್ಟಿಲ ಮೇಲೆ ಕೂತಿದ್ದರು.

“ಬೀಗದ ಕೈ ಎಲ್ಲೋ?”

ಅವನು ರಸೀದಿ ಕೊಟ್ಟ. ಅಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ಓದಿದಳು. ಮುದ್ರೆಯಿತ್ತು, ಸಹಿಯಿತ್ತು.

“ಒಪ್ಪಿಸಿಬಿಟ್ಟೆಯಾ?”

“ಹೂಂ. ಅರ್ಜಿ ಕೊಟ್ಟರೆ ಆರು ವಾರದಲ್ಲಿ ವಾಪಸು ಕೊಡ್ತಾರಂತೆ.”

“ಒಳ್ಳೇದಾಯ್ತು ಬಿಡು. ಇನ್ನೊಬ್ಬರ ವಸ್ತು ನಮಗ್ಯಾಕೆ,” ಎಂದಳು ಅಕ್ಕ.

ಭಾವ ಚೀಲದಿಂದ ನೀರಿನ ಬಾಟಲಿ ತೆಗೆದು ನೆಮ್ಮದಿಯಾಗಿ ಕುಡಿದರು. ಎದುರುಮನೆಯಾಕೆ ಬೆಕ್ಕನ್ನು ತಂದು ನಗುತ್ತ ಅವರ ತೊಡೆಯ ಮೇಲೆ ಬಿಟ್ಟಳು. ಬಿಟ್ಟವಳು ಪಕ್ಕದಲ್ಲಿದ್ದ ಸಂಯೋಜಕನನ್ನು ನೋಡಿ, ತಟ್ಟನೆ ಅದನ್ನು ಮತ್ತೆ ಎತ್ತಿಕೊಂಡಳು.

“ಸ್ವಲ್ಪ ಆ ಕಡೆ ಹೋಗಿ ಕೂತ್ಕೋ ಕಣೋ,” ಎಂದಳು ಅಕ್ಕ.

ಅವನು ಎರಡು ಮೆಟ್ಟಿಲು ಕೆಳಗೆ ಹೋಗಿ ಕೂತ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಎಂದು ಅವನಿಗೂ ಅನ್ನಿಸಿತು. ಎದುರುಮನೆಯಾಕೆ ಬೆಕ್ಕನ್ನು ಮತ್ತೆ ಭಾವನ ತೊಡೆಯ ಮೇಲೆ ಬಿಟ್ಟಳು.